ಕೆಂಚನ ಹಾಲುಹಲ್ಲು

ಕೆಂಚನ ಬಾಯೊಳಗೆ ಬೆರಳು ಹಾಕಿದವಳು ನಾನೇ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂದುಕೊಂಡಿದ್ದೆ. ಕೆಳದವಡೆ ಜೋತುಬಿದ್ದಿತ್ತು. ಜೊಲ್ಲು ನೂಲಿನ ಹಾಗೆ ಇಳಿದು ಮುಂಗಾಲೆಲ್ಲ ಒದ್ದೆಯಾಗಿತ್ತು. ಹಾಲಿನ ತಟ್ಟೆ ಮುಂದಿಟ್ಟರೆ ಮೂತಿ ಅದ್ದುತ್ತಿತ್ತು, ನುಂಗಲಾರದೆ ಹಾಗೇ ನಿಂತುಬಿಡುತ್ತಿತ್ತು. ಕುಂಯ್‌ಗುಟ್ಟಲು ಹೋದರೆ ಮರಿಯ ದನಿಯೇ ಅಲ್ಲ, ಒಡಕು ಪೀಪಿಯ ಸದ್ದು. ದೊಡ್ಡಪ್ಪನ ಮಗ ಎರಡೂ ಕೈಯಲ್ಲಿ ಅದರ ಬಾಯಿ ಅಗಲಿಸಿ ಹಿಡಿದ. ನಾನು ತೋರುಬೆರಳನ್ನು ನಾಲಿಗೆಯ ಮೇಲಿಂದ ಒಳಕ್ಕೆ ಜಾರಿಸಿ ತಡಕಾಡಿದೆ. ಒಳಗೆಲ್ಲ ಬಿಸಿ ಬಿಸಿ. ಮೂಳೆ ಇರಲಿಲ್ಲ. ಬೆರಳು ಈಚೆಗೆ ತೆಗೆಯುವಷ್ಟರಲ್ಲಿ ಬಾಯಿ ಒಮ್ಮೆ ಮುಚ್ಚಿಕೊಂಡಿತು. ಬಲವೇ ಇಲ್ಲದ ಹಿಡಿತ ಅದು. ಆದರೆ ಮರಿಯ ಹಾಲುಹಲ್ಲಿಗೆ ಬಲ ಬೇಕಿಲ್ಲ, ನುಚ್ಚಕ್ಕಿಯಷ್ಟು ಚಿಕ್ಕದಾದರೂ ತುದಿ ಸೂಜಿಯಷ್ಟು ಚೂಪು. ಬೆರಳ ಮೇಲೆ ಎರಡು ಕೆಂಪು ಚುಕ್ಕೆ ಮೂಡಿದವು. ಒತ್ತಿದರೆ ಮಾತ್ರ ರಕ್ತ ಒಸರುತ್ತಿತ್ತು. ಅಣ್ಣನ ಹೆಬ್ಬೆರಳ ಬುಡದಲ್ಲೂ ಒಂದು ಗೀರು. ನಾನು ಲಂಗಕ್ಕೆ, ಅವನು ಚಡ್ಡಿಗೆ ಕೈ ಒರೆಸಿಕೊಂಡೆವು.

ಅದು 1984. ನನಗೆ ಹತ್ತು ವರ್ಷ, ಅವನಿಗೆ ಹನ್ನೊಂದು. ತುಮಕೂರು ಜಿಲ್ಲೆಯ ತೆಂಗಿನ ತೋಟಗಳ ನಡುವಿನ ಊರು ನಮ್ಮದು. ಹಿಂದಿನ ಡಿಸೆಂಬರ್ ಚಳಿಯಲ್ಲಿ ನಮ್ಮ ಹಿತ್ತಿಲಿನ ರಾಗಿಹುಲ್ಲಿನ ಮೆದೆಯ ಬುಡದಲ್ಲಿ ಬೀದಿನಾಯಿಯೊಂದು ಐದು ಮರಿ ಹಾಕಿತ್ತು. ಅಜ್ಜಿ ಅದನ್ನು ಅಟ್ಟಲು ಬಿಡಲಿಲ್ಲ. "ಬಾಣಂತಿ ಕಣ್ರೋ ಅದು" ಅಂತ ದಿನಾ ಒಂದು ಚಿಪ್ಪಿನಲ್ಲಿ ಅಂಬಲಿ ಹುಯ್ಯುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಮರಿಗಳು ಓಡಾಡುತ್ತಿದ್ದವು. ಎರಡು ಸತ್ತವು, ಒಂದು ಗಾಡಿಯ ಚಕ್ರಕ್ಕೆ ಸಿಕ್ಕಿತು. ಉಳಿದೆರಡರಲ್ಲಿ ಕೆಂಚ ನಮ್ಮದು. ನಮ್ಮದು ಅಂದರೆ ಮೂವರದು: ನಾನು, ಅಣ್ಣ, ಮತ್ತೆ ಪುಟ್ಟಿ.

ಪುಟ್ಟಿ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗಳು. ಐದೂವರೆ ಆರು ವರ್ಷ. ಅವಳ ನಿಜವಾದ ಹೆಸರೇನೆಂದು ನಮಗೆ ಆಗ ಗೊತ್ತಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಅವಳ ಅಮ್ಮ ಗರಿ ಎಳೆಯುವಾಗ, ಕಾಯಿ ಸುಲಿಯುವ ಕಡೆ ಮಟ್ಟೆ ಒಟ್ಟುವಾಗ ಅವಳು ಹಿತ್ತಿಲಲ್ಲಿ ಕೆಂಚನನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ತೂಗುತ್ತಿದ್ದಳು. ಮರಿ ಅವಳ ಕೈ, ಕಿವಿ, ಕೂದಲು ಎಲ್ಲವನ್ನೂ ಕಚ್ಚಿ ಎಳೆಯುತ್ತಿತ್ತು. ಹಲ್ಲು ಬರುವ ಮರಿಗಳೆಲ್ಲ ಮಾಡುವ ಕೆಲಸವೇ ಅದು. ಮೂರು ವಾರಕ್ಕೆ ಹಾಲುಹಲ್ಲು ಮೊಳೆಯಲು ಶುರು, ಒಟ್ಟು 28. ನಾಲ್ಕು ತಿಂಗಳ ಮೇಲೆ ಅವು ಉದುರಿ 42 ಹಲ್ಲು ಬರುವ ತನಕ ಬಾಯಿಗೆ ಸಿಕ್ಕಿದ್ದೆಲ್ಲ ಕಡಿಯಲೇಬೇಕು. ಹಾಗಾಗಿ ಮರಿ ಕಚ್ಚಿದರೆ ಯಾರೂ ಅದನ್ನು ಕಚ್ಚಿತು ಅನ್ನುವುದಿಲ್ಲ. ಆಡ್ತು ಅನ್ನುತ್ತಾರೆ. ಈಗಲೂ ಹಾಗೇ ಅನ್ನುತ್ತಾರೆ.

ಶಿವರಾತ್ರಿಯ ಹಿಂದುಮುಂದು ಒಂದು ಮುಂಜಾನೆ ಕೆರೆ ಕಡೆಯಿಂದ ಗುರುತಿಲ್ಲದ ನಾಯಿಯೊಂದು ಊರೊಳಗೆ ನುಗ್ಗಿತ್ತು. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತ ನಮ್ಮ ಹಿತ್ತಿಲಿಗೂ ಬಂದು ತಾಯಿನಾಯಿಯ ಮೇಲೆ ಬಿತ್ತು. ಗಂಡಸರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗಿ ಏರಿಯ ಮೇಲೆ ಹೊಡೆದು ಹಾಕಿದರು. "ಹುಚ್ಚುನಾಯಿ" ಎಂಬ ಮಾತು ಊರೆಲ್ಲ ಓಡಿತು. ದೊಡ್ಡಪ್ಪ ಕೊಟ್ಟಿಗೆಗೆ ಹೋಗಿ ಒಂದೊಂದೇ ದನ, ಒಂದೊಂದೇ ಕರುವಿನ ಕಾಲು ಮೂತಿ ಸವರಿ ನೋಡಿದರು. ತಾಯಿನಾಯಿ ಆಮೇಲೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೆಂಚನ ಕಿವಿಯ ಹಿಂದೆ ಒಂದು ಚಿಕ್ಕ ಗಾಯ ಇತ್ತು. ಪುಟ್ಟಿ ಅದಕ್ಕೆ ಅರಿಶಿನ ಹಚ್ಚಿದಳು, ವಾರದಲ್ಲಿ ಒಣಗಿತು. ಅದು ನಮಗೆ ಮೂವರಿಗೂ ಗೊತ್ತಿತ್ತು. ದೊಡ್ಡವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯುಗಾದಿಗೆ ಇನ್ನೊಂದು ವಾರವಿತ್ತು, ಕೆಂಚ ಮಂಕಾಯಿತು. ಮೆದೆಯ ಸಂದಿಯಲ್ಲಿ ಕತ್ತಲು ಹುಡುಕಿಕೊಂಡು ಮಲಗಿತು. ಹುಚ್ಚುನಾಯಿ ಅಂದರೆ ಕಣ್ಣು ಕೆಂಪಗೆ ಮಾಡಿಕೊಂಡು ಅಟ್ಟಿಸಿಕೊಂಡು ಬರುವ ದೊಡ್ಡ ನಾಯಿ ಎಂದೇ ನಮ್ಮ ಲೆಕ್ಕ. ಹೀಗೆ ಸುಮ್ಮನೆ ಬಿದ್ದುಕೊಂಡು, ದವಡೆ ಸೋತು, ಮಡಿಲಿಗೆ ಬರುವ ಹುಚ್ಚೂ ಒಂದಿದೆ ಎಂದು ಯಾರೂ ಹೇಳಿರಲಿಲ್ಲ. ರೇಬೀಸ್ ಬಂದ ಎಷ್ಟೋ ನಾಯಿಗಳು ಯಾರನ್ನೂ ಅಟ್ಟಿಸಿಕೊಂಡು ಹೋಗುವುದೇ ಇಲ್ಲ. ಗಂಟಲಿನ ಮಾಂಸಖಂಡ ಸೋತು ನುಂಗಲಾಗುವುದಿಲ್ಲ, ಮೂಳೆ ಸಿಕ್ಕಿಕೊಂಡ ಹಾಗೇ ಕಾಣುತ್ತದೆ. ನಾನು ಮಾಡಿದ್ದನ್ನೇ ಮಾಡಿ ಜೊಲ್ಲಿನೊಳಗೆ ಕೈ ಹಾಕಿದವರ ಕಥೆಗಳನ್ನು ಆಮೇಲೆ ಪಶುವೈದ್ಯರ ಬಾಯಲ್ಲಿ ಎಷ್ಟೋ ಕೇಳಿದ್ದೇನೆ.

ಅವತ್ತು ಸಂಜೆ ಅಣ್ಣ ನನ್ನನ್ನು ಬಾವಿಕಟ್ಟೆಯ ಹಿಂದಕ್ಕೆ ಕರೆದು, "ಯಾರ್ಗೂ ಹೇಳ್ಬಾರ್ದು ಕಣೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕ್ತಾರೆ. ಅಪ್ಪಂಗೆ ಗೊತ್ತಾದ್ರೆ ಬಾರುಕೋಲು ತಗೋತಾರೆ" ಅಂದ. ಅಮ್ಮನ ಮೇಲೆ ಆಣೆ ಇಡಿಸಿಕೊಂಡ. ಇಟ್ಟೆ.

ರಾತ್ರಿ ಅಜ್ಜಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರು. ನಾನು ಚಾಚಿದ ಅಂಗೈಯನ್ನು ಹಾಗೇ ಹಿಡಿದು ಬುಡ್ಡಿ ದೀಪಕ್ಕೆ ತಿರುಗಿಸಿದರು. ಅವರಿಗೆ ಆಗಲೇ ಕಣ್ಣಿನ ಪೊರೆ. ಆದರೂ ಆ ಎರಡು ಚುಕ್ಕೆ ಕಂಡವು. "ಯಾವುದೇ ಇದು ಕಚ್ಚಿದ್ದು?" ಪಕ್ಕದಲ್ಲಿ ಅಣ್ಣ ಟವೆಲನ್ನು ಕೈಗೆ ಸುತ್ತಿಕೊಂಡು ಎಡಗೈ ಚಾಚಿದ್ದ. ಎಡಗೈ ಚಾಚಿದ್ದಕ್ಕೆ ಬೈಸಿಕೊಂಡನೇ ಹೊರತು ಕೈ ತೋರಿಸಲಿಲ್ಲ. ನನ್ನ ವಿಷಯ ಒಂದೇ ಹೊರಬಿತ್ತು. ಅಜ್ಜಿ ಸುಣ್ಣ ಅರಿಶಿನ ಕಲಸಿ ಮೆತ್ತಿದರು. ಬೆಳಿಗ್ಗೆ ಅಪ್ಪ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಅದನ್ನೆಲ್ಲ ನೋಡಿ ಮುಖ ಸಿಂಡರಿಸಿದರು. ಹೊರಗಿನ ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಾಕಿ ಅವರೇ ತೊಳೆದರು. ಬಹಳ ಹೊತ್ತು ತೊಳೆದರು. ನಲ್ಲಿ ನೀರು, ಸೋಪು, ಕಾಲು ಗಂಟೆ: ಇವತ್ತಿಗೂ ಮೊದಲ ಮದ್ದು ಅದೇ. ರೇಬೀಸ್ ವೈರಸ್ಸಿನ ಮೇಲೊಂದು ಜಿಡ್ಡಿನ ಹೊದಿಕೆ ಇರುತ್ತದೆ, ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಖಾರದಪುಡಿ, ಸೀಮೆಎಣ್ಣೆ ಗಾಯವನ್ನು ಸುಟ್ಟು ಕೆರಳಿಸುತ್ತವೆ, ಅಷ್ಟೇ. ಅಜ್ಜಿ ಇದ್ದಿದ್ದರೆ ಇದನ್ನು ಒಪ್ಪುತ್ತಿದ್ದರು, ಅವರು ಹೇಳಿದರೆ ಕೇಳುವವರು.

ಹದಿನಾಲ್ಕು ದಿನ, ದಿನಕ್ಕೊಂದು. ಸ್ಟೀಲ್ ತಟ್ಟೆಯಲ್ಲಿ ಗಾಜಿನ ಸಿರಿಂಜು ಕುದಿಯುವ ಸದ್ದು ವರಾಂಡದವರೆಗೂ ಕೇಳಿಸುತ್ತಿತ್ತು. ಕಾಂಪೌಂಡರ್ ಹೊಟ್ಟೆಯ ಚರ್ಮವನ್ನು ಚಿವುಟಿ ಎತ್ತಿ ಸೂಜಿ ಇಳಿಸುತ್ತಿದ್ದರು. ಮದ್ದು ಒಳಗೆ ಹೋದಂತೆ ಆ ಜಾಗ ನಿಂಬೆಕಾಯಿಯಷ್ಟು ಉಬ್ಬಿ ಉರಿಯುತ್ತಿತ್ತು. ಇವತ್ತು ಹೊಕ್ಕುಳ ಬಲಕ್ಕೆ ಆದರೆ ನಾಳೆ ಎಡಕ್ಕೆ. ಐದನೇ ದಿನದ ಹೊತ್ತಿಗೆ ಲಂಗದ ಲಾಡಿ ಕಟ್ಟಲಾಗುತ್ತಿರಲಿಲ್ಲ. ಯುಗಾದಿಯ ದಿನವೂ ಎಣ್ಣೆನೀರಿಲ್ಲದೆ ಏಳೂವರೆಯ ಬಸ್ಸು ಹತ್ತಿದೆ.

ಆ ಮದ್ದು ಏನೆಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಅದನ್ನು ಫೀನಾಲಿನಲ್ಲಿ ಕೊಂದು ತಯಾರಿಸುತ್ತಿದ್ದ ಲಸಿಕೆ. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾ ವೈದ್ಯರು ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ್ದು. ಲಕ್ಷಾಂತರ ಜನ ಅದರಿಂದ ಬದುಕಿದರು. ಕೆಲವರಿಗೆ ಲಸಿಕೆಯಿಂದಲೇ ನರಗಳಿಗೆ ಪೆಟ್ಟಾಗಿ ಕೈಕಾಲು ಸೋತದ್ದೂ ಉಂಟು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಅದಕ್ಕೂ ಹಿಂದಕ್ಕೆ ಹೋದರೆ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್, 1885ರ ಜುಲೈ 6. ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನನ್ನು ಅವನ ತಾಯಿ ಅಲ್ಸೇಸ್‌ನಿಂದ ಕರೆತಂದಿದ್ದಳು. ಪಾಶ್ಚರ್ ಅವರ ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಥೆ ಓದಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಆ ತಾಯಿಯ ಕಡೆಗೆ. ಅವಳಿಗೆ ಮಗನ ಮೈಮೇಲಿನ ಗಾಯಗಳು ಗೊತ್ತಿದ್ದವು, ಎಲ್ಲಿಗೆ ಹೋಗಬೇಕು ಎಂಬುದೂ ಗೊತ್ತಾಯಿತು.

ಆರನೇ ದಿನ ನಾನು ಆಣೆ ಮುರಿದೆ. ಅಣ್ಣನ ಮೇಲಿನ ಪ್ರೀತಿಯಿಂದ ಮುರಿದೆ ಎಂದು ಬರೆದರೆ ಅದು ಸುಳ್ಳು. ನಾನು ಹೊಟ್ಟೆ ಹಿಡಿದುಕೊಂಡು ಬಸ್ಸಿಳಿದು ಬರುವಾಗ ಅವನು ಕೆರೆಯಲ್ಲಿ ಈಜಾಡುತ್ತಿದ್ದ. ನನಗೊಬ್ಬಳಿಗೇ ಯಾಕೆ ಈ ನೋವು ಅನ್ನಿಸಿತು. ಹೋಗಿ ಅಜ್ಜಿಗೆ ಹೇಳಿಬಿಟ್ಟೆ. ದೊಡ್ಡಪ್ಪ ಎರಡು ಬಾರಿಸಿದರು. ಆಮೇಲೆ ತಾವೇ ಅಳುತ್ತ ಅವನನ್ನು ಎತ್ತಿಕೊಂಡು ಬಸ್ಸಿಗೆ ಓಡಿದರು, ಹನ್ನೊಂದು ವರ್ಷದ ಹುಡುಗನನ್ನು. ಅಷ್ಟರಲ್ಲಿ ಕೆಂಚ ಸತ್ತು ಮೂರು ದಿನವಾಗಿತ್ತು. ತೆಂಗಿನ ಬುಡದಲ್ಲಿ ಹೂಳಿದ್ದೆವು, ಪುಟ್ಟಿ ಕಣಗಿಲೆ ಹೂವಿಟ್ಟಿದ್ದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ನಾವಿಬ್ಬರೂ ಅರಳಿಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆವು. ಪುಟ್ಟಿ ನಮ್ಮ ಜೊತೆ ಕಟ್ಟೆಯವರೆಗೆ ಬರುತ್ತಿದ್ದಳು. ಅವಳಿಗೆ ಬಸ್ಸು ಹತ್ತುವ ಆಸೆ. ಕಂಡಕ್ಟರು ನಮಗೆ ಪೆಪ್ಪರಮಿಂಟು ಕೊಡುತ್ತಾರೆ ಎಂದು ಗೊತ್ತಿತ್ತು, ಬರುವಾಗ ಒಂದು ತಂದುಕೊಡಿ ಅನ್ನುತ್ತಿದ್ದಳು. ತರುತ್ತಿದ್ದೆವು. ಮನೆಯವರೆಲ್ಲ ಅವಳು ಅಲ್ಲಿ ನಿಂತದ್ದನ್ನು ದಿನಾ ನೋಡಿದರು. ಮರಿ ಅವಳ ಮಡಿಲಲ್ಲೇ ಬೆಳೆದದ್ದೂ ಎಲ್ಲರಿಗೂ ಗೊತ್ತಿತ್ತು. ನಿನಗೂ ಕಚ್ಚಿತಾ ಮಗ ಎಂದು ಒಬ್ಬರೂ ಕೇಳಲಿಲ್ಲ. ಅವಳ ಅಂಗೈಗೆ ತುತ್ತು ಹಾಕುತ್ತಿದ್ದವರು ನಮ್ಮ ಮನೆಯವರಲ್ಲ. ಅವಳ ಅಮ್ಮ ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

ಜೂನ್ ಮೊದಲ ಮಳೆ ಬಿದ್ದ ವಾರ. ಶಾಲೆಗೆ ಸೇರಿಸಬೇಕೆಂದು ಅವಳಿಗೆ ಸ್ಲೇಟು ತಂದಿದ್ದರು. ಕೆನ್ನೆ ತುರಿಸುತ್ತದೆ, ಜುಮ್ಮೆನ್ನುತ್ತದೆ ಎಂದು ಎರಡು ದಿನ ಕೆರೆದುಕೊಂಡಳಂತೆ. ಆಮೇಲೆ ಜ್ವರ. ಆಮೇಲೆ ಲೋಟದಲ್ಲಿ ನೀರು ತಂದರೆ ಗಂಟಲು ಸೆಟೆದುಕೊಂಡಿತು, ಬಾಗಿಲಿನಿಂದ ಗಾಳಿ ಬಂದರೂ ಬೆಚ್ಚಿಬಿದ್ದಳು. ಅಲ್ಲಿಂದಾಚೆಗಿನದನ್ನು ನಾನು ನೋಡಲಿಲ್ಲ. ನೋಡಿದವರು ಹೇಳಿದ್ದನ್ನು ಬರೆಯುವುದೂ ಇಲ್ಲ. ನಾಲ್ಕನೇ ದಿನಕ್ಕೆ ಮುಗಿಯಿತು. ಯಾವಾಗ ಕಚ್ಚಿತು ಎಂದು ಅವಳ ಅಮ್ಮ ಕೇಳಿದಾಗ, ಮಾತಾಡಲು ಆಗುತ್ತಿದ್ದ ಕೊನೆಯ ಹೊತ್ತಿನಲ್ಲಿ, ಕಚ್ಚಲಿಲ್ಲ ಅಂದಳಂತೆ. "ಕೆಂಚ ಮುತ್ತು ಕೊಡ್ತು."

ಮೈಯಲ್ಲಿ ಬೇರೆಲ್ಲಿ ಕಚ್ಚಿದ್ದಕ್ಕಿಂತಲೂ ಮುಖಕ್ಕೆ ಕಚ್ಚಿದ್ದು ಬೇಗ ಕೊಲ್ಲುತ್ತದೆ. ಗಾಯದಿಂದ ಒಳಹೊಕ್ಕ ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರದ ಎಳೆ ಹಿಡಿದು ನಿಧಾನಕ್ಕೆ ಮಿದುಳಿನತ್ತ ಏರುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ವಾರಗಳು, ಕೆಲವೊಮ್ಮೆ ವರ್ಷ. ಕೆನ್ನೆಯಿಂದ ಮಿದುಳಿಗೆ ದಾರಿ ಹತ್ತಿರ. ಆ ದಾರಿ ಮುಗಿಯುವುದರೊಳಗೆ ಮದ್ದು ಬೀಳಬೇಕು. ಜುಮ್ಮೆನ್ನುವುದು ಶುರುವಾದ ಮೇಲೆ ಇವತ್ತಿನ ಯಾವ ದೊಡ್ಡ ಆಸ್ಪತ್ರೆಯಲ್ಲೂ ಮಾಡಲು ಏನೂ ಉಳಿದಿರುವುದಿಲ್ಲ. ಪುಟ್ಟಿಗೆ ಎರಡು ತಿಂಗಳಿಗೂ ಹೆಚ್ಚು ಸಮಯವಿತ್ತು. ಅದರಲ್ಲಿ ಹದಿನಾಲ್ಕು ಬೆಳಗು ಅವಳು ಮದ್ದಿನ ಕಡೆ ಹೊರಟ ಬಸ್ಸಿನ ಮೆಟ್ಟಿಲ ಹತ್ತಿರವೇ ನಿಂತಿದ್ದಳು.

ಇದು ಹಳೇ ಕಾಲದ ಕಥೆ ಅಂದುಕೊಳ್ಳುವಂತಿದ್ದರೆ ಚೆನ್ನಾಗಿತ್ತು. 2025ರ ಜೂನ್‌ನಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಯುವ ಕಬಡ್ಡಿ ಆಟಗಾರನೊಬ್ಬ ರೇಬೀಸ್‌ನಿಂದ ತೀರಿಕೊಂಡ. ಚರಂಡಿಗೆ ಬಿದ್ದಿದ್ದ ನಾಯಿಮರಿಯನ್ನು ಎತ್ತಿ ಉಳಿಸುವಾಗ ಅದು ಕಚ್ಚಿತ್ತು. ಚಿಕ್ಕ ಗಾಯ, ಆಟದಲ್ಲಿ ಆಗುವಂಥದ್ದೇ ಎಂದು ಬಿಟ್ಟಿದ್ದ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮರಿಯನ್ನು ಎತ್ತಿಕೊಂಡವರೇ ಹೀಗೆ ಹೋಗುತ್ತಾರೆ, ಕಲ್ಲು ಹೊಡೆದವರಲ್ಲ.

ಮರಿಗಳ ವಿಷಯದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಬೀದಿಯ ಮರಿಗಳಲ್ಲಿ ಹೆಚ್ಚಿನವು ಹೇಗೂ ಸಾಯುತ್ತವೆ. ಪಾರ್ವೋ ಭೇದಿಗೆ, ಡಿಸ್ಟೆಂಪರಿಗೆ, ಚಳಿಗೆ, ಗಾಡಿಗೆ. ಹಾಗಾಗಿ ಒಂದು ಮರಿ ಸತ್ತರೆ ಯಾಕೆ ಸತ್ತಿತೆಂದು ಯಾರೂ ಯೋಚಿಸುವುದಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ ಅನ್ನುತ್ತಾರೆ. ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಅಷ್ಟರೊಳಗೆ ಸಾಯುತ್ತದೆ ಎಂಬ ಲೆಕ್ಕ ಅದು. ದೊಡ್ಡ ನಾಯಿ ಸತ್ತರೆ ಬೀದಿಗೆಲ್ಲ ಗೊತ್ತಾಗುತ್ತದೆ, ಮರಿ ಸತ್ತರೆ ಕಸದ ಗಾಡಿಯಲ್ಲಿ ಹೋಗುತ್ತದೆ. ಹತ್ತು ದಿನ ನೋಡೋಣ ಎಂದು ಮದ್ದು ಹಾಕಿಸದೆ ಕೂರುವುದಂತೂ ಕೂಡದು. ಮೊದಲು ಮದ್ದು ಶುರುವಾಗಬೇಕು, ನೋಡುವುದು ಜೊತೆಜೊತೆಗೆ. ಇನ್ನು ನಾಯಿಗೆ ಹಾಕುವ ರೇಬೀಸ್ ಲಸಿಕೆ ಮೊದಲ ಸಲ ಬೀಳುವುದೇ ಮೂರು ತಿಂಗಳಿಗೆ. ತಾಯಿಗೆ ಲಸಿಕೆ ಆಗಿದ್ದರೆ ಅದರ ರಕ್ಷಣೆ ಸ್ವಲ್ಪ ದಿನ ಮರಿಗೂ ಇರುತ್ತದೆ. ಬೀದಿಯ ತಾಯಿಗೆ ಲಸಿಕೆ ಎಲ್ಲಿಂದ ಬರಬೇಕು? ನಾವು ಹೆಚ್ಚು ಮುದ್ದು ಮಾಡುವ ಮೂರು ತಿಂಗಳು ಅದು ಏನೂ ರಕ್ಷಣೆ ಇಲ್ಲದೆ ಬದುಕುವ ಮೂರು ತಿಂಗಳು. ಇದು ಮರಿಯ ತಪ್ಪಲ್ಲ. ಕೆಂಚನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ.

ಅಣ್ಣ ಈಗ ಕೊಬ್ಬರಿ ವ್ಯಾಪಾರಿ, ತಲೆ ನೆರೆತಿದೆ. ಹೋದ ವರ್ಷ ಮನೆಯಲ್ಲೊಂದು ಮದುವೆಗೆ ಸೇರಿದ್ದಾಗ ರಾತ್ರಿ ಜಗಲಿಯ ಮೇಲೆ ಇಬ್ಬರೇ ಕೂತಿದ್ದೆವು. ಕೆಂಚನ ಮಾತು ನಾನೇ ಎತ್ತಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

"ನಾನು ನೋಡಿದ್ದೆ ಕಣೆ" ಅಂದ. "ಅವಳ ಕೆನ್ನೆಗೆ ಬಾಯಿ ಹಾಕಿದ್ದು. ಹಿಂದಿನ ದಿನವೇ. ಒಂದು ತೊಟ್ಟು ರಕ್ತ ಬಂತು, ಅವಳು ನಕ್ಕೊಂಡು ಒರೆಸ್ಕೊಂಡ್ಲು."

"ಯಾಕಣ್ಣ ಹೇಳ್ಲಿಲ್ಲ?"

"ಹೇಳಿದ್ರೆ ನಂದೂ ಹೇಳ್ಬೇಕಾಗ್ತಿತ್ತು. ಆಮೇಲೆ ನೀನು ಹೇಳ್ಬಿಟ್ಟೆ, ಅಪ್ಪ ಹೊಡೆದ್ರು. ಅಷ್ಟರಲ್ಲಿ ನಂಗೆ ಅದು ಮರ್ತೇ ಹೋಗಿತ್ತೋ, ಮರಿ ನೆಕ್ಕಿದ್ದು ಲೆಕ್ಕಕ್ಕಿಲ್ಲ ಅಂದ್ಕೊಂಡೆನೋ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ನಲವತ್ತು ವರ್ಷ ಅವನು ಅದನ್ನು ಹೊತ್ತುಕೊಂಡು ತಿರುಗಿದ್ದಾನೆ. ಅವನ ಕೈ ಹಿಡಿದುಕೊಂಡೆ. ಹನ್ನೊಂದು ವರ್ಷದ ಹುಡುಗನ ಮೇಲೆ ಆ ಭಾರ ಹೊರಿಸಲು ನಾನು ತಯಾರಿಲ್ಲ. ಕೇಳಬೇಕಾಗಿದ್ದವರು ದೊಡ್ಡವರು. ಕೊಟ್ಟಿಗೆಯ ಕರುವಿನ ಕಾಲು ನೋಡಿದ ಕಣ್ಣುಗಳೇ ಅವಳ ಕೆನ್ನೆಯನ್ನೂ ನೋಡಬಹುದಿತ್ತು.

ಈಗ ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಈ ಜನವರಿಯಲ್ಲಿ ಪಾರ್ಕಿಂಗ್ ಮೂಲೆಯಲ್ಲಿ ನಾಲ್ಕು ಮರಿ. ಮಕ್ಕಳು ಬಿಸ್ಕತ್ತು, ಹಳೇ ಸ್ವೆಟರು ಹೊತ್ತುಕೊಂಡು ಇಳಿಯುತ್ತಾರೆ. ಅವರನ್ನು ತಡೆಯುವವಳು ನಾನಲ್ಲ. ಸಂಜೆ ಆರಕ್ಕೆ ನಾನೂ ಕೆಳಗಿಳಿದು, ಗಾಡಿ ತೊಳೆಯುವ ನಲ್ಲಿಯ ಹತ್ತಿರ ಮೋಟು ಗೋಡೆಯ ಮೇಲೆ ಕೂರುತ್ತೇನೆ. ಜೊತೆಗೊಂದು ಸೋಪು. "ಎಲ್ಲಿ, ಕೈ" ಅನ್ನುತ್ತೇನೆ. ಸಾಲಾಗಿ ಬರುತ್ತಾರೆ. ಕೆಲಸದವರ ಮಕ್ಕಳು, ವಾಚ್‌ಮನ್ ಮಗ ದೂರ ನಿಂತಿರುತ್ತಾರೆ, ಅವರನ್ನೂ ಹೆಸರು ಹಿಡಿದು ಕರೆಯುತ್ತೇನೆ. ಹೆಸರುಗಳನ್ನೆಲ್ಲ ಮೊದಲೇ ಕೇಳಿಟ್ಟುಕೊಂಡಿದ್ದೇನೆ. ಯಾರು ಕಚ್ಚಿಸಿಕೊಂಡಿರಿ ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ. ಮರಿ ಯಾರಿಗೆ ಮುತ್ತು ಕೊಡ್ತು, ಯಾರ ಜೊತೆ ಆಡ್ತು ಎಂದು ಕೇಳುತ್ತೇನೆ.

ಹೋದ ವಾರ ಮೂರನೇ ಮಹಡಿಗೆ ಪಾತ್ರೆ ತೊಳೆಯಲು ಬರುವವರ ಮಗಳು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಆರು ವರ್ಷವಿರಬೇಕು. ಮುಷ್ಟಿ ಬಿಗಿಹಿಡಿದಿದ್ದಳು. ನಾನು ಏನೂ ಅನ್ನದೆ ಕಾದೆ. ನಿಧಾನಕ್ಕೆ ಬೆರಳು ಬಿಚ್ಚಿದಳು. ಕಿರುಬೆರಳ ಪಕ್ಕ ಎರಡು ಕೆಂಪು ಚುಕ್ಕೆ.

ನಲ್ಲಿ ತಿರುಗಿಸಿದೆ. ಸೋಪು ನೊರೆ ಬಂತು. ವಾಚ್‌ಮನ್ ಮಗ ಮೊಬೈಲಿನಲ್ಲಿ ಹದಿನೈದು ನಿಮಿಷ ಇಟ್ಟ. ಉಳಿದ ಮಕ್ಕಳು ಸುತ್ತ ಕೂತರು. ಈಗ ಹೊಟ್ಟೆಗೆ ಸೂಜಿಯಿಲ್ಲ ಎಂದು ಅವಳಿಗೆ ಹೇಳಿದೆ. ಎರಡು ತೋಳಿಗೆ ಇರುವೆ ಕಚ್ಚಿದಷ್ಟು, ಇವತ್ತು, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ. ಹಲ್ಲು ಒಳಗಿಳಿದಿರುವುದರಿಂದ ಗಾಯದ ಸುತ್ತಲೂ ಇನ್ನೊಂದು ಮದ್ದು ಹಾಕುತ್ತಾರೆ, ಅದು ಸ್ವಲ್ಪ ನೋಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಅಮ್ಮಂಗೆ ಹೇಳ್ತೀರಾ ಆಂಟಿ?"

"ಹೇಳ್ತೀನಿ."

"ಬೈತಾರೆ."

"ನಾನೂ ಆಸ್ಪತ್ರೆಗೆ ಬರ್ತೀನಿ. ಬೈದ್ರೆ ಇಬ್ರಿಗೂ ಬೈಲಿ."

ಅವಳು ಸ್ವಲ್ಪ ಯೋಚನೆ ಮಾಡಿದಳು. ಕೈ ನೀರಿನ ಕೆಳಗೇ ಇತ್ತು.

"ಬಸ್ಸಲ್ಲಾ?" ಅಂದಳು.

"ಹ್ಞೂ, ಬಸ್ಸಲ್ಲೇ."